ಎಡಪುಟ, ಬಲಪುಟ

ಉಲಾನ್‌ಬಾತರಿನ ಚಿಂಗೆಲ್ತೇ ದಿಬ್ಬದ ಮೇಲೆ
ಒಂದೇ ಬೇಲಿಯೊಳಗೆ ಎರಡು ಗಾಡಿ.
ಮಾವ ಶಾರವ್‌ನದು ರಷ್ಯದ ಪೆಟ್ರೋಲ್ ಜೀಪು,
ಸ್ಟೀರಿಂಗು ಎಡಕ್ಕೆ.
ಅಮ್ಮ ಪಗ್ಮಾಳದು ಜಪಾನಿನಲ್ಲಿ ಯಾರೋ ಓಡಿಸಿ ಸಾಕಾಗಿ
ಹಡಗು ಹತ್ತಿಸಿದ ಹೈಬ್ರಿಡ್ಡು,
ಸ್ಟೀರಿಂಗು ಬಲಕ್ಕೆ.
ನನಗಾಗ ಹನ್ನೆರಡು. ಗಣಿತದ ನೋಟುಬುಕ್ಕು ಮುಕ್ಕಾಲು ಖಾಲಿ.
"ಬರೆದಿಡು," ಅಂದಳು ಅಮ್ಮ,
"ಬಾಯಿಮಾತಿನಲ್ಲಿ ನಿನ್ನ ಮಾವ ಸೋಲುವವನಲ್ಲ."

ಎಡಪುಟ ಅವನಿಗೆ. ಬಲಪುಟ ಅವಳಿಗೆ.

ಮೊದಲ ಸಾಲಿನಲ್ಲೇ ಅಮ್ಮನಿಗೆ ಸೋಲು:
ಜೀಪು ಐವತ್ತು ಲಕ್ಷ ತುಗ್ರಿಕ್, ಹೈಬ್ರಿಡ್ಡು ತೊಂಬತ್ತು.
ಮಾವ ಕೆಮ್ಮು ಬರುವಷ್ಟು ನಕ್ಕ.
"ನಲವತ್ತು ಲಕ್ಷ ಜಾಸ್ತಿ! ಎಷ್ಟು ಬೂಜ್ ಮಡಿಸುತ್ತೀಯೆ ತಂಗೀ,
ಬೆರಳು ಸವೆದುಹೋದಾವು."
ಅಮ್ಮ ಹಿಟ್ಟಿನ ಕೈಯಲ್ಲೇ ಗೇಟು ತೆರೆದು
ಹಬೆಯಾಡುವ ಡಬ್ಬಿಗಳನ್ನು ಹಿಂದಿನ ಸೀಟಿಗೇರಿಸಿ
ಸದ್ದಿಲ್ಲದೆ ಇಳಿಜಾರು ಇಳಿದಳು.
ನಿಜಕ್ಕೂ ಸದ್ದಿಲ್ಲದೆ. ನಾಯಿಗಳಿಗೂ ಗೊತ್ತಾಗಲಿಲ್ಲ.

ಅವನು ಕಲ್ಲಿದ್ದಲ ಮೂಟೆ ಹೊರುತ್ತಿದ್ದ, ಇವಳು ಹಾಸ್ಟೆಲಿಗೆ ಊಟ.
ಇಬ್ಬರದೂ ವರ್ಷಕ್ಕೆ ಹದಿನೈದು ಸಾವಿರ ಕಿಲೋಮೀಟರು, ಹೆಚ್ಚುಕಮ್ಮಿ.
ನೂರಕ್ಕೆ ಅವನು ಕುಡಿಸಿದ್ದು ಹದಿನಾರು ಲೀಟರು,
ಇವಳು ಐದು.
ಹನಿಹನಿ ಕೂಡಿದರೆ ಹಳ್ಳ ಅನ್ನುತ್ತಾರಲ್ಲ,
ಹನಿಹನಿ ಸೋರಿದರೂ ಹಳ್ಳವೇ
ಅಂತ ಕಲಿಸಿದ್ದು ಎಡಪುಟ.
ಹದಿನೇಳನೇ ತಿಂಗಳು, ಒಂದು ಮಂಗಳವಾರ,
ಎರಡು ಮೊತ್ತಗಳೂ ಒಂದನ್ನೊಂದು ದಾಟಿದವು.
ನಾನು ಕೂಗಿ ಹೇಳಿದೆ.
ಅಮ್ಮ ಏನೂ ಅನ್ನಲಿಲ್ಲ, ಮಾವನ ತಟ್ಟೆಗೆ
ಇನ್ನೆರಡು ಬೂಜ್ ಇಟ್ಟಳು.

ಮೈನಸ್ ಮೂವತ್ತಾರರ ರಾತ್ರಿಗಳಲ್ಲಿ
ಜೀಪಿನ ಮೂತಿಗೆ ಉಣ್ಣೆಯ ಕಂಬಳಿ ಹೊದಿಸಿ
ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಎದ್ದು
ಎಂಜಿನ್ ಕಾಯಿಸಿ ಬರುತ್ತಿದ್ದ ಮಾವ.
ಬೂಟಿನಡಿ ಹಿಮ ಹಲ್ಲು ಕಡಿಯುವುದು ನನ್ನ ಹಾಸಿಗೆವರೆಗೆ ಕೇಳಿಸುತ್ತಿತ್ತು.
ಎಲ್ಲೂ ಹೋಗದೆ ಉರಿದ ಪೆಟ್ರೋಲನ್ನು ಬರೆದೆ, ಸರತಿಗೆ ಅರ್ಧ ಲೀಟರು.
ನಿದ್ದೆಗೆ ಕಾಲಮ್ಮು ಎಳೆದಿರಲಿಲ್ಲ.

ಆರನೇ ಚಳಿಗಾಲ, ಅಮ್ಮನ ಗಾಡಿಯಲ್ಲಿ ಕೆಂಪು ತ್ರಿಕೋನ ಹೊತ್ತಿಕೊಂಡಿತು.
ಮೆಕ್ಯಾನಿಕ್ ತೊಗ್ತೋಖ್ ಸೀಟು ಕಿತ್ತು
ಇಪ್ಪತ್ತೆಂಟು ಸೆಲ್ಲುಗಳನ್ನು ಹಾಜರಿ ಕರೆಯುವವನಂತೆ
ಒಂದೊಂದಾಗಿ ಮುಟ್ಟಿದ.
ನಾಲ್ಕು ಉತ್ತರಿಸಲಿಲ್ಲ.
"ನಾಲ್ಕನ್ನೇ ಬದಲಿಸಿದರೆ ವಸಂತದಲ್ಲಿ ಐದನೆಯದು ಸಾಯುತ್ತೆ," ಅಂದ.
ಹದಿನೈದು ಲಕ್ಷ. ಬಲಪುಟದ ಮೇಲೆ ಪೆನ್ಸಿಲ್ ಮುರಿಯಿತು.
ಅದೇ ವಾರ ಜೀಪಿನ ಸೈಲೆನ್ಸರ್ ಕಳಚಿತ್ತು,
ತಂತಿ, ಸುತ್ತಿಗೆ, ಪಕ್ಕದ ಮನೆಯವನ ಕೈಚಳಕ.
ಎಡಪುಟದಲ್ಲಿ ಬರೆದೆ: ವೋಡ್ಕಾ, ಎರಡು ಬಾಟಲಿ.

ಆಮೇಲೊಂದು ಬೇಸಿಗೆ, ಮಗುವಿನ ಮೊದಲ ಕೂದಲು ತೆಗೆಸಲು
ಅರ್ಹಂಗಾಯ್ ಕಡೆ ಹೊರಟಾಗ
ಹೆಸರಿಲ್ಲದ ಹೊಳೆಯ ನಟ್ಟನಡುವೆ
ಹೈಬ್ರಿಡ್ಡು ಹೊಟ್ಟೆ ಕಲ್ಲಿಗೆ ಕೊಟ್ಟು ಕೂತಿತು.
ಅಮ್ಮನ ಮೊಣಕಾಲಿಗೆ ನೀರು. ಮಡಿಲಲ್ಲಿ ಉಡುಗೊರೆಯ ಸಕ್ಕರೆ ಡಬ್ಬಿ.
ಮಾವ ಒಂಟೆಕೂದಲ ಹಗ್ಗ ಬಿಗಿದು, ಜೀಪು ಗುಡುಗಿಸಿ,
ಅವಳನ್ನೂ ಸಕ್ಕರೆಯನ್ನೂ ದಡಕ್ಕೆಳೆದ.
"ಈ ಪೆಟ್ರೋಲು ಯಾವ ಪುಟಕ್ಕೆ?" ಅಂತ ಕೇಳಿದೆ.
ಇಬ್ಬರೂ ಸೇರಿ ಬೈದರು.

ಈಗ ನಾನು ತೆರಿಗೆ ಕಚೇರಿಯಲ್ಲಿ ಕೂರುತ್ತೇನೆ.
ಯಾವುದು ಅಗ್ಗ, ಅಂತ ಜನ ಕೇಳುತ್ತಾರೆ.
ಹೈಬ್ರಿಡ್ಡು, ಅನ್ನುತ್ತೇನೆ. ಹತ್ತು ವರ್ಷದ ಮೊತ್ತ ಬಾಯಿಗೆ ಬರುತ್ತದೆ.
ಸುಳ್ಳಲ್ಲ ಅದು.

ಹತ್ತನೇ ವರ್ಷ ಮಾವ ಜೀಪನ್ನು ಗುಜರಿಗೆ ಕೊಟ್ಟು
ಅಮ್ಮನದಕ್ಕಿಂತ ಹಳೆಯ ಹೈಬ್ರಿಡ್ಡೊಂದನ್ನು ತಂದ.
ಮೊದಲ ಚಳಿಗಾಲ, ರಾತ್ರಿ ಎರಡಕ್ಕೆ
ಮತ್ತೆ ಬೂಟಿನ ಸದ್ದು.
ಕಿಟಕಿಯ ಹಿಮ ಉಜ್ಜಿ ನೋಡಿದೆ.
ಗಾಡಿಯ ಪಕ್ಕ ಸುಮ್ಮನೆ ನಿಂತಿದ್ದ, ಬಾನೆಟ್ಟಿನ ಮೇಲೆ ಕೈಯಿಟ್ಟು,
ಕರೆಯದೆ ಬಂದ ನೆಂಟನ ಹಾಗೆ.
ಸ್ವಲ್ಪ ಹೊತ್ತಿಗೆ ಒಳಗೆ ಹೋದ.

ಬೆಳಗ್ಗೆ ನೋಡಿದರೆ ಹಿಮದಲ್ಲಿ
ಬಾಗಿಲಿಂದ ಗಾಡಿವರೆಗೆ, ಗಾಡಿಯಿಂದ ಬಾಗಿಲವರೆಗೆ
ಹೆಜ್ಜೆ. ನಾಲ್ಕಕ್ಕೂ ಬಂದಿದ್ದನೇನೋ,
ಒಂದರ ಮೇಲೊಂದು ಬಿದ್ದು ಎಣಿಸಲಾಗಲಿಲ್ಲ.